ಬೇಗ ತೆರೆದ ಬಾಗಿಲು

ನಾಯಿಯ ಮಂಡಿಯೊಳಗಿನ ಲಿಗಮೆಂಟ್ ಒಂದೇ ಏಟಿಗೆ ಹರಿಯುವುದು ಕಡಿಮೆ. ತಿಂಗಳುಗಟ್ಟಲೆ ಒಳಗೊಳಗೇ ಸವೆದು, ಮಂಚದಿಂದ ಧುಮುಕುವಾಗಲೋ ಮೆಟ್ಟಿಲಿಳಿಯುವಾಗಲೋ ಕೈಕೊಡುತ್ತದೆ. ನಮ್ಮ ಪಮೇರಿಯನ್ ಚಿನ್ನಿ ಕೂತಾಗ ಒಂದು ಹಿಂಗಾಲನ್ನು ಮಡಚದೆ ಪಕ್ಕಕ್ಕೆ ಚಾಚಿಕೊಳ್ಳುತ್ತಿದ್ದಳು. ಮೈ ಬಂದಿದೆ, ವಯಸ್ಸಾಗಿದೆ ಎಂದುಕೊಂಡು ಸುಮ್ಮನಿದ್ದೆ. ಆ ಕಾಲನ್ನು ಎತ್ತಿಕೊಂಡೇ ನಡೆಯತೊಡಗಿದ ಮೇಲೆ ಆಸ್ಪತ್ರೆಗೆ ಒಯ್ದದ್ದು.

ವೈದ್ಯರು ತೊಡೆಮೂಳೆಯನ್ನು ಒಂದು ಕೈಯಲ್ಲಿ ಹಿಡಿದು ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿದರು. ಮೇಜಿನ ಡ್ರಾಯರ್‌ನಂತೆ ಅದು ಜಾರಿ ಬಂತು. ಲಿಗಮೆಂಟ್ ಹರಿದಿತ್ತು. ಇದಕ್ಕೆ ಮೂಳೆ ಕೊಯ್ದು ತಿರುಗಿಸಿ ಪ್ಲೇಟ್ ಕೂರಿಸುವ ಟಿಪಿಎಲ್‌ಓ ಎಂಬ ಶಸ್ತ್ರಚಿಕಿತ್ಸೆಯಿದೆ. ಅಮೆರಿಕದ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಅದನ್ನು ಪ್ರಕಟಿಸಿದರು. ಚಿನ್ನಿಗೆ ಮಾಡಿದ್ದು ಅದಕ್ಕಿಂತ ಹಳೆಯದು, ಚಿಕ್ಕ ನಾಯಿಗಳಿಗೆ ಈಗಲೂ ಮಾಡುವಂಥದ್ದು. ಮಂಡಿಯ ಹಿಂಬದಿಯ ಪುಟ್ಟ ಮೂಳೆಯನ್ನು ಬಳಸಿ, ಕೆಳಮೂಳೆಯಲ್ಲಿ ಕೊರೆದ ತೂತಿನಿಂದ ತೂರಿಸಿ, ಗಟ್ಟಿ ನೈಲಾನ್ ದಾರ ಬಿಗಿಯುತ್ತಾರೆ.

ಆ ದಾರ ಕ್ರಮೇಣ ಸಡಿಲವಾಗುತ್ತದೆ, ಹರಿಯಲೂಬಹುದು. ಅಷ್ಟರೊಳಗೆ ಕೀಲಿನ ಸುತ್ತ ನಾಯಿಯ ಮೈಯೇ ಗಟ್ಟಿ ನಾರಿನ ಪದರ ಬೆಳೆಸಿಕೊಳ್ಳಬೇಕು. ಮುಂದೆ ಮಂಡಿಯನ್ನು ಹಿಡಿದಿಡುವುದು ಅದೇ. "ನೋಡಿಮ್ಮ, ನನ್ನ ಕೆಲಸ ಮುಗೀತು. ಇನ್ನು 8ರಿಂದ 12 ವಾರ ನಿಮ್ಮದು. ಓಡೋದು, ಹಾರೋದು, ಮೆಟ್ಟಿಲು ಯಾವುದೂ ಕೂಡದು" ಅಂದಿದ್ದರು.

ಹೊಲಿಗೆ ಬಿಚ್ಚಿದ ಸ್ವಲ್ಪ ದಿನಕ್ಕೇ ಚಿನ್ನಿ ಕಾಲೂರಿದಳು. ಓಡಾಡದಂತೆ ಕೂಡಿಟ್ಟಿದ್ದ ಗೂಡಿನ ಜಾಲರಿಗೆ ಮೂತಿಯೊತ್ತಿ ಕುಂಯ್‌ಗುಡುವುದನ್ನು ನೋಡಲಾಗದೆ ನಾನೇ ಬಾಗಿಲು ತೆರೆದೆ. ನುಣ್ಣನೆಯ ಟೈಲ್ಸ್ ಮೇಲೆ ಜಾರುತ್ತಾ ಓಡಿ ಸೋಫಾ ಹತ್ತಿದಳು. ಮನೆಮಂದಿಯೆಲ್ಲ ಖುಷಿಪಟ್ಟೆವು. ನೋವು ತಗ್ಗಿತ್ತು, ಅದಕ್ಕೇ ಓಡಿದಳು. ಒಳಗಿನ ನಾರು ಇನ್ನೂ ಎಳಸಾಗಿತ್ತು. ನಡಿಗೆ ನೋಡಿ ವಾಸಿಯಾಯಿತೆಂದು ತೀರ್ಮಾನಿಸಿದವಳು ನಾನು. ವೈದ್ಯರಿಗೆ ಒಂದು ಫೋನ್ ಕೂಡ ಮಾಡಲಿಲ್ಲ.

ಮತ್ತೆ ಕುಂಟು ಶುರುವಾಯಿತು. ಮಂಡಿ ಮಡಚಿದಾಗಲೆಲ್ಲ ಟಕ್ ಎನ್ನುವುದು ನನ್ನ ಅಂಗೈಗೇ ತಾಕುತ್ತಿತ್ತು. ದಾರ ಸಡಿಲಗೊಂಡು, ಅಲುಗಾಡುವ ಮೂಳೆಗಳ ನಡುವೆ ಸಿಕ್ಕಿ ಮೆನಿಸ್ಕಸ್ ಎಂಬ ಮೆತ್ತೆ ಹರಿದಿತ್ತು. ಮತ್ತೆ ಅರಿವಳಿಕೆ, ಮತ್ತೆ ಅದೇ ಮಂಡಿ ಕೊಯ್ದು ಹರಿದ ಚೂರನ್ನು ತೆಗೆದರು. ತೆಗೆದದ್ದು ಮರಳಿ ಬೆಳೆಯುವುದಿಲ್ಲ. ಆ ಸಂಕಟ ಅವಳಿಗೆ ಬೇಕಿರಲಿಲ್ಲ.

ಚಿನ್ನಿ ಈಗ ನಡೆಯುತ್ತಾಳೆ, ಚಳಿಗಾಲದ ಬೆಳಿಗ್ಗೆ ಆ ಕಾಲು ಬಿಗಿದುಕೊಳ್ಳುತ್ತದೆ. ಒಂದು ಮಂಡಿ ಹೋದ ನಾಯಿಗೆ ಇನ್ನೊಂದೂ ಹೋಗುವ ಸಂಭವ ಹೆಚ್ಚು. ಹಾಗಾಗಿ ಹಾಲ್‌ ಉದ್ದಕ್ಕೂ ಜಾರದ ಮ್ಯಾಟ್ ಹಾಸಿದ್ದೇವೆ, ಬಿಸ್ಕತ್ತು ನಿಲ್ಲಿಸಿದ್ದೇವೆ. ಆಗಾಗ ತೂಕ ನೋಡಿಸಿ, ಎರಡೂ ಮಂಡಿಗಳನ್ನು ವೈದ್ಯರಿಗೆ ತೋರಿಸಿಕೊಂಡು ಬರುತ್ತೇನೆ.