ಮಗು ಬರೆದ ಎರಡು ವಾಕ್ಯ

ಇಂದು ಪುಣೆಯ ಕನ್ನಡ ಶಾಲೆಯೊಂದರಲ್ಲಿ, ಡಿ.ಎಡ್. ಅಭ್ಯಾಸಪಾಠದ ಅಂಗವಾಗಿ ಐದನೆಯ ತರಗತಿಯವರಿಂದ ‘ಮಳೆಗಾಲ’ವನ್ನು ಕುರಿತು ಪ್ರಬಂಧ ಬರೆಯಿಸುತ್ತಿದ್ದಾಗ, ಬಹುಮಂದಿ ಮಕ್ಕಳು ಹಸುರು, ನವಿಲು, ಕಾಮನಬಿಲ್ಲುಗಳ ಕಂಠಸ್ಥ ವರ್ಣನೆಯಲ್ಲಿ ತೊಡಗಿರಲು, ಕಲಬುರಗಿಯ ಕಡೆಯಿಂದ ಕೂಲಿಗಾಗಿ ಬಂದ ಕುಟುಂಬದ ಬಾಲಕಿಯೊಬ್ಬಳು, “ಮಳಿ ಹತ್ತಿದರ ಅಪ್ಪಗ ಸೆಂಟ್ರಿಂಗ್ ಕೆಲಸ ಇರಂಗಿಲ್ಲ. ಅವತ್ತು ಚಾಕ್ಕ ಹಾಲು ಇರಂಗಿಲ್ಲ” ಎಂದಷ್ಟೇ ಬರೆದು, “ಹಿಂಗ ಬರದರ ನಡೀತದೇನ್ರಿ ಟೀಚರ್?” ಎಂದು ಕೇಳಿದಳು.

ಬರೆವಣಿಗೆಯನ್ನು ಕಲಿಸುವುದೆಂದರೆ, ಕಾಗುಣಿತ ಒತ್ತಕ್ಷರಗಳನ್ನು ತಿದ್ದುವುದಕ್ಕೆ ಮೊದಲು, ತನ್ನ ಬಾಳೂ ಬರೆಯಲರ್ಹವಾದುದೆಂಬ ಧೈರ್ಯವನ್ನು ಮಗುವಿನಲ್ಲಿ ನೆಲೆಗೊಳಿಸುವುದೆಂದು ನನಗೆ ಆಗ ಮನದಟ್ಟಾಯಿತು. ಇದೇ ಊರಿನಲ್ಲಿ, ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರ ಶಾಲೆಯಲ್ಲಿ ಓದಿದ ಮಾಂಗ ಸಮುದಾಯದ ಬಾಲೆ ಮುಕ್ತಾ ಸಾಳ್ವೆ, ತನ್ನವರೂ ಮಹಾರರೂ ಅನುಭವಿಸುತ್ತಿದ್ದ ದುಃಖವನ್ನು ಕುರಿತು ಬರೆದ ಪ್ರಬಂಧವು 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದಾಧಿಕಾರವಿಲ್ಲದ ನಮ್ಮ ಧರ್ಮ ಯಾವುದೆಂದು ಅವಳು ಅದರಲ್ಲಿ ಪ್ರಶ್ನಿಸಿದ್ದಳು.

ಮಗುವು ಅಂಥ ಪ್ರಶ್ನೆಯನ್ನು ಕೇಳಬೇಕಾದರೆ, ಅದನ್ನು ಆಲಿಸಬಲ್ಲ ಗುರುವು ಮೊದಲು ಇರಬೇಕಲ್ಲವೆ? ನಿಮ್ಮ ಬಾಳಿನ ಮಾತನ್ನೇ ಬರೆಯಗೊಟ್ಟ ಉಪಾಧ್ಯಾಯರು ನಿಮಗಿದ್ದರೆ, ದಯವಿಟ್ಟು ಅವರನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಿರಿ.