ಲಿಂಚೋಲಿಯವರೆಗೆ

ನಮ್ಮ ಅರಕಲಗೂಡಿನ ಕಡೆ ಮಂಜು ಎಂದರೆ ಮಾಗಿಯ ಮುಂಜಾವಿನಲ್ಲಿ ಹೇಮಾವತಿಯ ಮೇಲಿಂದೆದ್ದು, ಬಿಸಿಲೇರುವ ಹೊತ್ತಿಗೆ ಕರಗಿಹೋಗುವಂಥದು. ಕಾಲಿಟ್ಟವನನ್ನು ತೊಡೆಯವರೆಗೆ ನುಂಗುವ ಮಂಜೂ ಒಂದುಂಟೆಂಬುದು ನನಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, 2023ರ ಮೇ ತಿಂಗಳ ಮೊದಲ ವಾರ, ಕೇದಾರದ ದಾರಿಯಲ್ಲಿ. ಯಾತ್ರೆಗೆ ಹೊರಡಬೇಕೆಂದಿರುವ ಬಂಧುಗಳು ಆಗಾಗ ವಿಚಾರಿಸುವುದರಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಹೊರಟವರು ಮೂವರು, ನಾನು, ನನ್ನ ಮನೆಯವರು, ಎಪ್ಪತ್ತೊಂದು ತುಂಬಿದ್ದ ನಮ್ಮ ಚಿಕ್ಕಮ್ಮ. ಕರಸ್ಥಲದಲ್ಲಿ ಲಿಂಗವಿರುವಾಗ ಹಿಮಾಲಯದವರೆಗೆ ಹೋಗುವುದೇಕೆಂದು ನಮ್ಮಲ್ಲಿ ಕೇಳುವವರಿದ್ದಾರೆ. ಆ ಮಾತನ್ನು ಚಿಕ್ಕಮ್ಮನೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ಹಿಮವತ್ಕೇದಾರ ಪೀಠ ಊಖೀಮಠದಲ್ಲಿದೆ, ಅಲ್ಲಿನ ರಾವಲರು ವೀರಶೈವರು, ದೇಗುಲದ ಅರ್ಚಕರು ಕರ್ನಾಟಕದಿಂದ ಹೋದವರು ಎಂಬುದನ್ನು ಅವರು ಬಾಲ್ಯದಿಂದ ಕೇಳಿದ್ದರು. “ಅಷ್ಟು ದೂರ, ಅಷ್ಟು ಚಳಿಯಲ್ಲಿ ನಮ್ಮವರು ಇದ್ದಾರಲ್ಲ, ಒಮ್ಮೆ ಕಂಡು ಬರೋಣ” ಎನ್ನುತ್ತಿದ್ದರು. ಪರಿಚಿತ ಸ್ವಾಮಿಗಳೊಬ್ಬರು ಮಳೆಗಾಲ ಕಳೆದ ಮೇಲೆ ಹೋಗುವಂತೆ ಹೇಳಿದ್ದರು. ಮನೆಯವರ ಶಾಲೆಗೆ ರಜೆ ಇರುವುದು ಬೇಸಿಗೆಯಲ್ಲೆಂದು ಮೇ ತಿಂಗಳನ್ನು ಆರಿಸಿದವನು ನಾನು.

ದೇಗುಲದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಪಂಚಾಂಗ ನೋಡಿ ಗೊತ್ತುಮಾಡುತ್ತಾರೆ. ಆ ವರ್ಷ ಏಪ್ರಿಲ್ 25ರಂದು ತೆರೆಯಿತು. ಹಿಮವಾದರೋ ಆ ಲೆಕ್ಕಕ್ಕೆ ಒಳಪಡುವುದಿಲ್ಲ. ನಮ್ಮ ಮುಂಗಾರು ಜೂನ್‌ನಲ್ಲಿ ನೈಋತ್ಯದಿಂದ ಬಂದರೆ, ಅಲ್ಲಿನ ಹಿಮವನ್ನು ತರುವುದು ಹೆಚ್ಚಾಗಿ ಚಳಿಗಾಲದಲ್ಲೂ ವಸಂತದಲ್ಲೂ ಪಶ್ಚಿಮದಿಂದ ಬೀಸಿಬರುವ ಮಾರುತಗಳು. ಒಮ್ಮೊಮ್ಮೆ ಅವು ಮೇ ತಿಂಗಳಲ್ಲೂ ಬಿಡುವುದಿಲ್ಲ. 2023ರಲ್ಲಿ ಹಾಗೆಯೇ ಆಯಿತು. ಸರ್ಕಾರವೇ ಕೆಲವು ದಿನ ಹೊಸ ಯಾತ್ರಿಕರ ನೋಂದಣಿಯನ್ನು ನಿಲ್ಲಿಸಿತು. ನಮ್ಮದು ಮೊದಲೇ ಆಗಿದ್ದುದರಿಂದ ನಾನು ಹಿಗ್ಗಿದೆ.

ಮೋಟಾರು ರಸ್ತೆಯಿಲ್ಲದ ಕಾಲದಲ್ಲಿ ಯಾತ್ರಿಕರು ಹೃಷೀಕೇಶದಿಂದಲೇ ನಡೆಯುತ್ತಿದ್ದರು. ಕೆಲವು ಮೈಲಿಗೊಂದು ಚಟ್ಟಿ, ಎಂದರೆ ಹುಲ್ಲು ಹೊದಿಸಿದ ತಂಗುಮನೆ. ಅಲ್ಲಿನ ಅಂಗಡಿಯಲ್ಲಿ ಅಕ್ಕಿ ಬೇಳೆ ಕೊಂಡರೆ ಮಲಗಲು ಸ್ಥಳವೂ ಅಡಿಗೆಗೆ ಪಾತ್ರೆಯೂ ಬಾಡಿಗೆಯಿಲ್ಲದೆ ದೊರೆಯುತ್ತಿದ್ದವು. ಹವೆ ಕೆಟ್ಟರೆ ಚಟ್ಟಿಯಲ್ಲೇ ಉಳಿಯುವುದು, ತಿಳಿಯಾದರೆ ಮುಂದಿನ ಚಟ್ಟಿಗೆ ನಡೆಯುವುದು. ಗೌರೀಕುಂಡದ ಮೇಲಿನ ಜಂಗಲ್ ಚಟ್ಟಿ ಈಗಲೂ ಆ ಹೆಸರನ್ನು ಉಳಿಸಿಕೊಂಡಿದೆ. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲೂ ಹೀಗೆ ಗುಡಿಸಲಿನಿಂದ ಗುಡಿಸಲಿಗೆ ನಡೆಯುವ ದಾರಿಗಳಿವೆಯಂತೆ. ಎತ್ತರದ ತಂಗುಮನೆಗಳಲ್ಲಿ ಬಹಳಷ್ಟು ಜೂನ್ ನಡುವಿನವರೆಗೆ ಬಾಗಿಲನ್ನೇ ತೆರೆಯುವುದಿಲ್ಲ. ಹೋಟೆಲು, ರೈಲು ಎಲ್ಲಕ್ಕೂ ಮುಂಗಡ ಕೊಟ್ಟು ಬರುವ ನಮ್ಮಂಥವರಿಗೆ ಚಟ್ಟಿಯಲ್ಲಿ ಕಾಯುವ ವ್ಯವಧಾನವೆಲ್ಲಿ?

ಹಳೆಯ ದಾರಿ ರಾಮ್‌ಬಾಡಾದ ಮೇಲೆ ಹಾದು ಹೋಗುತ್ತಿತ್ತು. 2013ರ ಜೂನ್ 16 ಮತ್ತು 17ರಂದು, ಕರಗುತ್ತಿದ್ದ ಹಿಮದ ಮೇಲೆ ಭಾರೀ ಮಳೆ ಸುರಿದು, ದೇಗುಲದ ಮೇಲ್ಗಡೆಯ ಚೋರಾಬಾರಿ ಸರೋವರ ಒಡೆದು, ರಾಮ್‌ಬಾಡಾ ಊರೇ ಕೊಚ್ಚಿಹೋಯಿತು. ಈಗಿನ ದಾರಿ ಅಲ್ಲಿ ಮಂದಾಕಿನಿಯನ್ನು ದಾಟಿ ಎದುರು ದಡವನ್ನೇರಿ ಲಿಂಚೋಲಿಯ ಮೂಲಕ ಹೋಗುತ್ತದೆ. ಒಟ್ಟು ಸುಮಾರು 16 ಕಿ.ಮೀ. ಈ ದಡದ ಕೊರಕಲುಗಳಲ್ಲಿ ಮೇಲಿನಿಂದ ಜಾರಿಬಿದ್ದ ಹಿಮ ರಾಶಿಗೊಂಡಿರುತ್ತದೆ. ಸುತ್ತಲಿನ ಇಳಿಜಾರು ಬರಿದಾಗಿ ಹುಲ್ಲು ಚಿಗುರಿದ್ದರೂ ಆ ರಾಶಿ ಕರಗುವುದಿಲ್ಲ. ಅದನ್ನು ಕಡಿದು, ಎರಡು ಬಿಳಿ ಗೋಡೆಗಳ ನಡುವೆ ದಾರಿ ಮಾಡಿರುತ್ತಾರೆ. ಬಿಳಿ ಎಂದೆ, ಹೇಸರಗತ್ತೆಗಳು ತುಳಿದ ನೆಲ ಮಾತ್ರ ಲದ್ದಿ ಬೆರೆತ ಕಪ್ಪು ಕೆಸರು.

ಚಿಕ್ಕಮ್ಮ ಕುದುರೆಯ ಮೇಲೆ, ನಾವಿಬ್ಬರು ನಡೆದು ಲಿಂಚೋಲಿ ಸೇರುವಾಗ ಮಧ್ಯಾಹ್ನ ಎರಡು ಗಂಟೆ. ಇನ್ನು ಐದೇ ಕಿಲೋಮೀಟರು. ಕುದುರೆಯ ಗಢವಾಲಿ ಹುಡುಗ ಇಲ್ಲೇ ನಿಲ್ಲೋಣವೆಂದ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕಲ್ಲಿನಂತಿರುತ್ತದೆ, ಬಿಸಿಲು ಏರಿದಂತೆ ಮೆತ್ತಗಾಗಿ ಮೇಲಿನದು ಜಾರುತ್ತದೆ, ಆದ್ದರಿಂದ ಕೊರಕಲುಗಳನ್ನು ಮುಂಜಾನೆಯೇ ದಾಟಬೇಕು ಎಂಬುದು ಅವನ ಮಾತು. ಬಾಡಿಗೆ ಹೆಚ್ಚಿಸಿಕೊಳ್ಳುವ ಹೂಟವೆಂದು ನಾನು ಭಾವಿಸಿದೆ. ನೋಡಿಬರುತ್ತೇನೆಂದು ಒಬ್ಬನೇ ಮುಂದೆ ನಡೆದು, ಕೆಸರನ್ನು ತಪ್ಪಿಸಲು ದಾರಿ ಬಿಟ್ಟು ಬಂಡೆಯ ಪಕ್ಕದ ಶುಭ್ರ ಹಿಮದ ಮೇಲೆ ಕಾಲಿಟ್ಟೆ. ಅಡಿಯಲ್ಲಿ ತೊರೆ ಹರಿದು ಹಿಮ ಟೊಳ್ಳಾಗಿತ್ತು. ಬಲಗಾಲು ತೊಡೆಯವರೆಗೆ ಇಳಿಯಿತು. ಪಾದದ ಕೆಳಗೆ ನೀರಿನ ಸದ್ದು ಕೇಳುತ್ತಿತ್ತು, ನೆಲ ಸಿಗಲಿಲ್ಲ. ಹಿಂದೆಯೇ ಬಂದಿದ್ದ ಆ ಹುಡುಗ ತೋಳು ಹಿಡಿದು ಎಳೆಯದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

“ಏನಪ್ಪಾ, ನಿನ್ನ ಕಾಲನ್ನ ಇಲ್ಲಿ ಬಿಟ್ಟು ಹೋಗೋಕೆ ಬಂದೆವಾ?” ಎಂದು ಚಿಕ್ಕಮ್ಮ ಗದರಿದರು. ಆ ರಾತ್ರಿ ಡೇರೆಯಲ್ಲಿ ಕಳೆದೆವು. ಮತ್ತೆ ಹಿಮ ಬಿತ್ತು. ಬೆಳಿಗ್ಗೆ, ಮುಂದಿನ ಕೊರಕಲುಗಳಲ್ಲಿ ರಾಶಿ ಜಾರಿ ದಾರಿ ಮುಚ್ಚಿದೆ, ಯಾರನ್ನೂ ಬಿಡುವುದಿಲ್ಲವೆಂದು ಪೊಲೀಸರು ತಿಳಿಸಿದರು. ಎಂದು ತೆರೆಯುವುದೆಂದು ಅವರಿಗೂ ಗೊತ್ತಿರಲಿಲ್ಲ. ಇನ್ನೂ ಎರಡು ದಿನ ಕಾಯೋಣವೆಂದೆ. ಚಿಕ್ಕಮ್ಮನ ತುಟಿಗಳು ಚಳಿಗೆ ನೀಲಿಯಾಗಿದ್ದವು. ಅವರು ಬಿಸಿನೀರು ತರಿಸಿಕೊಂಡು ಕೈಕಾಲು ತೊಳೆದು, ವಿಭೂತಿ ಧರಿಸಿ, ಡೇರೆಯ ಮೂಲೆಯಲ್ಲಿ ಕುಳಿತು ಎಂದಿನಂತೆ ಇಷ್ಟಲಿಂಗಪೂಜೆ ಮುಗಿಸಿದರು. ಆಮೇಲೆ ಕುದುರೆಯನ್ನು ಕೆಳಮುಖವಾಗಿ ತಿರುಗಿಸುವಂತೆ ಆ ಹುಡುಗನಿಗೆ ಕನ್ನಡದಲ್ಲೇ ಹೇಳಿದರು.

ಹಿಂತಿರುಗುವಾಗ ಊಖೀಮಠಕ್ಕೆ ಹೋದೆವು. ಚಳಿಗಾಲದಲ್ಲಿ ಕೇದಾರನ ಪೂಜೆ ನಡೆಯುವುದು ಅಲ್ಲಿನ ಓಂಕಾರೇಶ್ವರ ದೇಗುಲದಲ್ಲಿ. ನಾವು ಹೋದಾಗ ಉತ್ಸವಮೂರ್ತಿ ಮೇಲಕ್ಕೆ ಹೊರಟುಹೋಗಿತ್ತು. ಆದರೂ ಅಲ್ಲಿ ಕನ್ನಡ ಬಲ್ಲ ಹಿರಿಯರೊಬ್ಬರು ಸಿಕ್ಕಿ, ಚಿಕ್ಕಮ್ಮ ಅವರೊಡನೆ ಅರ್ಧ ಗಂಟೆ ನಮ್ಮ ಕಡೆಯ ಮಳೆಬೆಳೆಯ ಮಾತಾಡಿದರು. ಸೆಪ್ಟೆಂಬರ್ ಕೊನೆಗೆ ಬನ್ನಿ, ಆಗ ಮಳೆಯೂ ಇಳಿದಿರುತ್ತದೆ, ದಾರಿಯಲ್ಲಿ ಹಳೆಯ ಹಿಮವೂ ಇರುವುದಿಲ್ಲ, ಬಾಗಿಲು ಮುಚ್ಚುವುದು ದೀಪಾವಳಿಯ ಮರುದಿನಗಳಲ್ಲಿ ಎಂದು ಅವರೂ ಹೇಳಿದರು.

ಆ ಸೆಪ್ಟೆಂಬರಿನಲ್ಲಿ ಚಿಕ್ಕಮ್ಮನ ಮಂಡಿ ಹಿಡಿಯಿತು. ಮತ್ತೆ ಹೊರಡಲಾಗಲಿಲ್ಲ. ಕೇದಾರ ಆಯಿತೇ ಎಂದು ಯಾರಾದರೂ ಕೇಳಿದರೆ “ಲಿಂಚೋಲಿಯವರೆಗೆ ಆಯಿತು” ಎನ್ನುತ್ತಾರೆ. ನನ್ನ ಕಾಲಿನ ವಿಷಯವನ್ನು ಮಾತ್ರ ಅವರು ಈವರೆಗೆ ಯಾರಿಗೂ ಹೇಳಿಲ್ಲ.