ನಿಯಮದ ನೆರಳಿನಲ್ಲಿ ಬೆಳೆದ ಆಟಗಾರ

ಸಣ್ಣ ಸಮುದಾಯವೊಂದರಲ್ಲಿ ಹುಟ್ಟಿದ ಹುಡುಗನು ಲೋಕದ ಕಣ್ಣಿಗೆ ಬಿದ್ದಾಗ ಆ ಸಮುದಾಯದ ಪ್ರತಿಯೊಂದು ಮನೆಯೂ ಅವನನ್ನು ತನ್ನ ಮಗನೆಂದೇ ಭಾವಿಸುತ್ತದೆ. ಈ ಅಭಿಮಾನವು ಸಹಜವಾದುದು. ಆದರೆ ಅದರ ಭಾರವನ್ನು ಹೊರುವವನು ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿನ ಒಬ್ಬ ತರುಣನೆಂಬುದನ್ನು ಹಿರಿಯರಾದವರು ಮರೆಯುವುದುಂಟು. ಅಮೆರಿಕೆಯ ಒಬ್ಬ ಆಟಗಾರನ ಬಾಳನ್ನು ತಿಳಿದುಕೊಂಡ ಮೇಲೆ ಈ ವಿಚಾರವು ನಮ್ಮ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ಅದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಆತನ ಹೆಸರು ಜಿಮ್ಮರ್ ಫ್ರೆಡೆಟ್. ಹೈಸ್ಕೂಲಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗನಿಗೆ ಬ್ಯಾಸ್ಕೆಟ್‌ಬಾಲ್ ಆಟದ ಹುಚ್ಚು. ಅವನ ಬಾಯಿಂದಲೇ ನಾವು ಈ ಹೆಸರನ್ನು ಮೊದಲು ಕೇಳಿದೆವು. ಫ್ರೆಡೆಟ್ ಹುಟ್ಟಿದ್ದು 1989ರಲ್ಲಿ, ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ. ಆತನದು ಮಾರ್ಮನ್ ಎಂದು ಹೆಸರಾದ ಪಂಥ. 2018ರಿಂದ ಆ ಧರ್ಮಸಂಸ್ಥೆಯು ಈ ಅಡ್ಡಹೆಸರನ್ನು ಬಿಡಬೇಕೆಂದು ಕೇಳಿಕೊಂಡಿದೆಯಾದರೂ ರೂಢಿಯಲ್ಲಿರುವ ಹೆಸರೆಂದು ಇಲ್ಲಿ ಅದನ್ನೇ ಬಳಸಿದ್ದೇವೆ. 1830ರಲ್ಲಿ ಜೋಸೆಫ್ ಸ್ಮಿತ್ ಎಂಬುವರು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಪಂಥದವರು ಊರಿಂದ ಊರಿಗೆ ಹೊರದೂಡಲ್ಪಟ್ಟು, 1847ರಲ್ಲಿ ಬ್ರಿಗಮ್ ಯಂಗ್ ಅವರ ಮುಂದಾಳುತನದಲ್ಲಿ ಇಂದಿನ ಯೂಟಾ ಪ್ರಾಂತಕ್ಕೆ ಬಂದು ನೆಲೆಸಿದರು. ಮದ್ಯ, ತಂಬಾಕುಗಳು ಅವರಿಗೆ ನಿಷಿದ್ಧ. ಕಾಫಿ, ಚಹಗಳೂ ವರ್ಜ್ಯ. ಭಾನುವಾರವು ಪೂಜೆಗೂ ವಿಶ್ರಾಂತಿಗೂ ಮೀಸಲು.

ಅವರ ವಿಶ್ವವಿದ್ಯಾಲಯವು ಯೂಟಾದ ಪ್ರೋವೋ ಪಟ್ಟಣದಲ್ಲಿದೆ. 1875ರಲ್ಲಿ ಆರಂಭವಾದ ಅದಕ್ಕೆ ಬ್ರಿಗಮ್ ಯಂಗ್ ಅವರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ನಡತೆಯ ನಿಯಮಾವಳಿಯೊಂದಕ್ಕೆ ಸಹಿ ಹಾಕಬೇಕು. ಆಹಾರ ಪಾನೀಯ, ಉಡುಗೆ ತೊಡುಗೆ, ವಿವಾಹಕ್ಕೆ ಮುಂಚಿನ ಬ್ರಹ್ಮಚರ್ಯ ಎಲ್ಲವೂ ಅದರಲ್ಲಿ ಅಡಕವಾಗಿವೆ. ಅಲ್ಲಿನ ತಂಡಗಳು ಭಾನುವಾರ ಕಣಕ್ಕಿಳಿಯುವುದಿಲ್ಲ. ರಾಷ್ಟ್ರೀಯ ಪಂದ್ಯಾವಳಿಯನ್ನು ನಡೆಸುವವರೇ ಇದನ್ನು ಗಮನಿಸಿ ದಿನಗಳನ್ನು ಹೊಂದಿಸಬೇಕಾಗುತ್ತದೆ. 1990ರ ದಶಕದ ಆರಂಭದಲ್ಲಿ ಏಳೂವರೆ ಅಡಿ ಎತ್ತರದ ಶಾನ್ ಬ್ರಾಡ್ಲಿ ಎಂಬ ಆಟಗಾರನು ಒಂದೇ ವರ್ಷ ಆಡಿ, ಆಟವನ್ನು ಬದಿಗಿರಿಸಿ, ಎರಡು ವರ್ಷಗಳ ಧರ್ಮಸೇವೆಗೆಂದು ಆಸ್ಟ್ರೇಲಿಯಾಕ್ಕೆ ಹೊರಟುಹೋದನು. ಇಂತಹ ಪರಂಪರೆ ಆ ವಿದ್ಯಾಲಯದ್ದು.

ಫ್ರೆಡೆಟ್‌ನ ಮೊದಲ ಗುರು ಅವನ ಅಣ್ಣನೇ. ಊರಿನ ಪ್ರಾರ್ಥನಾ ಮಂದಿರದ ಕತ್ತಲೆಯ ಓಣಿಯಲ್ಲಿ ತಮ್ಮನನ್ನು ಚೆಂಡು ಪುಟಿಸುತ್ತಾ ಓಡಲು ಹೇಳಿ, ಮರೆಯಿಂದ ಥಟ್ಟನೆ ಎದುರಿಗೆ ಹಾರಿ ಬರುತ್ತಿದ್ದನಂತೆ. ಕಣ್ಣಿಗೆ ಕಾಣದ ಅಡ್ಡಿಯನ್ನೂ ಕೈ ಗುರುತಿಸಬೇಕೆಂಬುದು ಉದ್ದೇಶ. 2007ರ ಜನವರಿಯಲ್ಲಿ ಅಣ್ಣನು ಒಂದು ಒಪ್ಪಂದ ಪತ್ರವನ್ನು ಬರೆದು ತಮ್ಮನಿಂದ ಸಹಿ ಮಾಡಿಸಿದನು. ವೃತ್ತಿಪರ ಆಟಗಾರನಾಗುವ ಗುರಿಗಾಗಿ ಬೇಕಾದ ದುಡಿಮೆಯನ್ನೂ ತ್ಯಾಗವನ್ನೂ ಮಾಡುತ್ತೇನೆಂಬುದು ಅದರ ಸಾರಾಂಶ. ಒಡಹುಟ್ಟಿದವರಲ್ಲಿ ಇಂತಹ ಕರಾರು ನಗೆ ತರಿಸಬಹುದು. ಆ ಹುಡುಗನು ಮಾತ್ರ ಅದನ್ನು ನಗೆಯ ವಿಷಯವೆಂದು ತಿಳಿಯಲಿಲ್ಲ.

ಅದೇ ವರ್ಷ ಪ್ರೋವೋಗೆ ಬಂದ ಮೇಲೆ ಅವನ ಏಳಿಗೆಯು ಮೆಟ್ಟಿಲು ಮೆಟ್ಟಿಲಾಗಿ ನಡೆಯಿತು. ಮೊದಲ ವರ್ಷ ಪಂದ್ಯವೊಂದಕ್ಕೆ ಸರಾಸರಿ 7 ಅಂಕ. ಎರಡನೆಯ ವರ್ಷ 16.2, ಮೂರನೆಯ ವರ್ಷ 22.1. ಕೊನೆಯ ವರ್ಷವಾದ 2010-11ರಲ್ಲಿ 28.9 ಅಂಕಗಳೊಡನೆ ಇಡೀ ದೇಶದ ಮೇಲ್ದರ್ಜೆಯ ಕಾಲೇಜು ಆಟಗಾರರಲ್ಲಿ ಮೊದಲಿಗನಾದನು. ಆರು ಅಡಿ ಎರಡು ಅಂಗುಲದ ಈ ತರುಣನು ಬುಟ್ಟಿಯಿಂದ ಬಹುದೂರ ನಿಂತು ಎಸೆದ ಚೆಂಡು ಕೂಡ ಗುರಿ ಸೇರುತ್ತಿತ್ತು. ಅವನ ಹೆಸರನ್ನೇ ಕ್ರಿಯಾಪದವಾಗಿಸಿ, ಸೋತ ತಂಡಗಳು ‘ಜಿಮ್ಮರ್’ ಆದುವೆಂದು ಜನರು ಹಾಸ್ಯವಾಡತೊಡಗಿದರು. ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ನೈಸ್ಮಿತ್, ವುಡನ್ ಪ್ರಶಸ್ತಿಗಳೆರಡೂ ಅವನಿಗೆ ದೊರೆತವು.

ಇನ್ನು ನಮ್ಮನ್ನು ಹೆಚ್ಚು ಕಾಡಿದ ಪ್ರಸಂಗವನ್ನು ಹೇಳಬೇಕು. 2011ರ ಮಾರ್ಚ್ ತಿಂಗಳ ಆರಂಭದಲ್ಲಿ ತಂಡವು ದೇಶದ ಮೂರನೆಯ ಸ್ಥಾನದಲ್ಲಿತ್ತು. ಪಂಥದವರೆಲ್ಲ ಕನಸು ಕಾಣುತ್ತಿದ್ದ ಸಮಯವದು. ಆಗಲೇ ಬ್ರಾಂಡನ್ ಡೇವೀಸ್ ಎಂಬ ಪ್ರಮುಖ ಆಟಗಾರನು ನಿಯಮಾವಳಿಯನ್ನು ಮೀರಿದನೆಂದು ವಿಶ್ವವಿದ್ಯಾಲಯವು ಅವನನ್ನು ತಂಡದಿಂದ ಹೊರಗಿಟ್ಟಿತು. ಡೇವೀಸ್ ಬೇರೆಡೆಯಿಂದ ಬಂದವನಲ್ಲ, ಪ್ರೋವೋ ಪಟ್ಟಣದಲ್ಲೇ ಬೆಳೆದ ಹುಡುಗ. ಅವನಿಲ್ಲದ ಮೊದಲ ಪಂದ್ಯದಲ್ಲೇ ತಂಡವು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಎದುರು ತನ್ನ ಸ್ವಂತ ಅಂಗಳದಲ್ಲಿ 82-64ರಿಂದ ಸೋತಿತು. ಕೆಲವೇ ದಿನಗಳ ತರುವಾಯ ಅದೇ ಎದುರಾಳಿಯ ಮೇಲೆ ಫ್ರೆಡೆಟ್ ಒಬ್ಬನೇ 52 ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದನಾದರೂ ಒಬ್ಬನ ಭುಜವು ಎಷ್ಟು ದೂರ ಹೊತ್ತೀತು? ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕೊನೆಯ ಹದಿನಾರರ ಸುತ್ತನ್ನು 1981ರ ಬಳಿಕ ಮೊದಲ ಬಾರಿಗೆ ತಲುಪಿದ ತಂಡವು ಅಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದೊಡನೆ ಹೆಚ್ಚುವರಿ ಸಮಯದವರೆಗೆ ಸೆಣಸಿ 83-74ರಿಂದ ಸೋತು ಮರಳಿತು.

ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ರಾತ್ರಿ ಊಟದ ಹೊತ್ತಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಅಜ್ಜ, ಆಟಕ್ಕೂ ಅವನ ಸ್ವಂತ ಬಾಳಿಗೂ ಏನು ಸಂಬಂಧ? ಇನ್ನು ಮೂರು ವಾರ ಸುಮ್ಮನಿದ್ದಿದ್ದರೆ ಆಗುತ್ತಿರಲಿಲ್ಲವೇ?" ಎಂದು ಮೊಮ್ಮಗನು ಕೇಳಿದನು. ಬಡವರ ಮಗನಿಗೆ ಒಂದು ನಿಯಮ, ಗೆಲುವು ತಂದುಕೊಡುವವನಿಗೆ ಇನ್ನೊಂದು ನಿಯಮ ಎಂದಾದರೆ ಅದು ನಿಯಮವೆನಿಸುವುದಿಲ್ಲ, ತನಗೇ ನಷ್ಟವಾದಾಗಲೂ ಪಾಲಿಸಿದ ಆ ವಿದ್ಯಾಲಯವನ್ನು ಮೆಚ್ಚಬೇಕು ಎಂದು ನಾವು ಹೇಳಿದೆವು. ಆಗ ನಮ್ಮ ಮನೆಯವರು, "ನಿಯಮವೇನೋ ಉಳಿಯಿತು. ಆ ಹುಡುಗನ ತಪ್ಪನ್ನು ದೇಶವೆಲ್ಲಾ ಆಡಿಕೊಂಡಿತಲ್ಲ, ಅವನ ತಾಯಿಯ ಕರುಳು ಹೇಗಾಗಿರಬೇಕು?" ಎಂದರು. ಈ ಮಾತಿಗೆ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ.

ಆದರೆ ಆ ಸಂಗತಿಯ ಉತ್ತರಾರ್ಧವೂ ಉಂಟು. ತಂಡವು ಡೇವೀಸ್‌ನನ್ನು ದೂರ ತಳ್ಳಲಿಲ್ಲ. ಮುಂದಿನ ವರ್ಷ ಅವನು ಅದೇ ವಿದ್ಯಾಲಯದಲ್ಲಿ, ಅದೇ ತಂಡದಲ್ಲಿ ಮತ್ತೆ ಆಡಿದನು. 2013ರವರೆಗೂ ಅಲ್ಲಿದ್ದು, ಅನಂತರ ಅಮೆರಿಕೆಯ ವೃತ್ತಿಪರ ಕೂಟವನ್ನು ಸೇರಿ, ಯುರೋಪಿನ ಹೆಸರಾಂತ ತಂಡಗಳಲ್ಲಿಯೂ ಆಡಿದನು. ಶಿಕ್ಷೆಯಾಯಿತು, ಆದರೆ ಬಾಗಿಲು ಮುಚ್ಚಲಿಲ್ಲ. ಇದನ್ನು ತಿಳಿದ ಮೇಲೆ ನಮ್ಮ ಮನೆಯವರ ಮನಸ್ಸು ತುಸು ಹಗುರವಾಯಿತು.

ಫ್ರೆಡೆಟ್‌ನ ಮುಂದಿನ ದಾರಿಯೂ ಹೂವಿನದಾಗಿರಲಿಲ್ಲ. 2011ರಲ್ಲಿ ವೃತ್ತಿಪರ ಕೂಟದ ಆಯ್ಕೆಯಲ್ಲಿ ಹತ್ತನೆಯವನಾಗಿ ಆರಿಸಲ್ಪಟ್ಟು ಸ್ಯಾಕ್ರಮೆಂಟೊ ತಂಡವನ್ನು ಸೇರಿದನು. ಎತ್ತರದಲ್ಲಿಯೂ ವೇಗದಲ್ಲಿಯೂ ಮೇಲಾದವರ ನಡುವೆ ಕಾಲೇಜಿನ ಆ ಪ್ರಭೆ ಉಳಿಯಲಿಲ್ಲ. ತಂಡದಿಂದ ತಂಡಕ್ಕೆ ಅಲೆಯಬೇಕಾಯಿತು. 2016ರಲ್ಲಿ ಚೀನಾದ ಶಾಂಘೈ ತಂಡಕ್ಕೆ ಹೋದನು. ಭಾಷೆ ಬಾರದ ಆ ನಾಡಿನಲ್ಲಿ 2017ರ ಒಂದು ಪಂದ್ಯದಲ್ಲಿ 73 ಅಂಕ ಗಳಿಸಿದಾಗ ಅಲ್ಲಿನ ಜನರು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಮೂವತ್ತು ದಾಟಿದ ಮೇಲೆ ಮೂರು ಮೂರು ಆಟಗಾರರ ಪಂದ್ಯವನ್ನು ಹೊಸದಾಗಿ ಕಲಿತು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ದೇಶದ ಪರವಾಗಿ ಕಣಕ್ಕಿಳಿದನು. ಅಲ್ಲಿ ಎರಡನೆಯ ಪಂದ್ಯದಲ್ಲೇ ಪೆಟ್ಟುಬಿದ್ದು ಹೊರಗುಳಿಯಬೇಕಾಯಿತು. 2025ರಲ್ಲಿ ಆಟಕ್ಕೆ ವಿದಾಯ ಹೇಳಿದನು. ಅಣ್ಣನ ಕರಾರಿನಲ್ಲಿದ್ದ ಗುರಿಯನ್ನು ಮುಟ್ಟಿದನು, ಆದರೆ ಅಲ್ಲಿ ನೆಲೆನಿಲ್ಲಲಾಗಲಿಲ್ಲ. ಅದರಿಂದ ಬೇಸತ್ತು ಕೂರದೆ ಸಿಕ್ಕಿದ ಅಂಗಳದಲ್ಲೆಲ್ಲ ದುಡಿದನೆಂಬುದು ನಮಗೆ ಅವನ 52 ಅಂಕಗಳಿಗಿಂತಲೂ ದೊಡ್ಡದಾಗಿ ತೋರುತ್ತದೆ.

ಬಂಧುಗಳೇ, ನಮ್ಮ ಮನೆಗಳ ಮಕ್ಕಳೂ ಇಂದು ಓದಿಗಾಗಿ ದೂರದ ಊರುಗಳ ಹಾಸ್ಟೆಲುಗಳಿಗೆ ಹೋಗುತ್ತಿದ್ದಾರೆ. ಮನೆಯ ನಡೆನುಡಿಗಳನ್ನು ಅಲ್ಲಿ ಕಾಯುವವರು ಅವರೇ. ಬರಿಯ ಕಟ್ಟಳೆಯನ್ನು ಹೇಳಿ ಕಳುಹಿಸಿದರೆ ಸಾಲದು, ಅದು ಏಕೆಂಬುದನ್ನೂ ಬಿಡಿಸಿ ಹೇಳಬೇಕು. ಮಗನು ಹೆಸರು ಗಳಿಸಿದಾಗ ನಮ್ಮವನೆಂದು ಹಿಗ್ಗುವ ನಾವು, ಅವನು ಎಡವಿದ ದಿನವೂ ನಮ್ಮವನೆಂದೇ ಹೇಳುವ ಧೈರ್ಯವನ್ನು ಇರಿಸಿಕೊಂಡಿರಬೇಕು. ತಪ್ಪನ್ನು ತಪ್ಪೆಂದು ಹೇಳೋಣ. ತಿದ್ದಿಕೊಂಡು ಬಂದವನಿಗೆ ಪಂಕ್ತಿಯಲ್ಲಿ ಅವನ ಎಲೆಯನ್ನು ಹಾಕಿಡೋಣ.